ಗೋಡೆಗೆ ಹದಿನೈದು ದಿನ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಈಚೆಗೆ ನಿವೃತ್ತ ನೌಕರರನ್ನು ಹುಡುಕಿಕೊಂಡು ಬರುತ್ತಾರೆ. ಯುಪಿಎಸ್‌ಸಿಯವರು 2013ರಿಂದ ಮುಖ್ಯ ಪರೀಕ್ಷೆಯಲ್ಲಿ ನೀತಿಶಾಸ್ತ್ರಕ್ಕೆಂದೇ 250 ಅಂಕಗಳ ಒಂದು ಪತ್ರಿಕೆ ಇಟ್ಟಿದ್ದಾರೆ. ಅದರ ಸುಮಾರು ಅರ್ಧದಷ್ಟು ಅಂಕ ಪ್ರಕರಣಗಳಿಗೆ ಮೀಸಲು. ‘ನೀವು ಒಂದು ಪ್ರವಾಹಪೀಡಿತ ತಾಲ್ಲೂಕಿನ ಅಧಿಕಾರಿ, ನಿಯಮ ಹೀಗೆ ಹೇಳುತ್ತದೆ, ಬಡವ ಹಾಗೆ ಕೇಳುತ್ತಾನೆ, ಏನು ಮಾಡುತ್ತೀರಿ?’ ಎಂಬ ಮಾದರಿಯವು. ಹುಡುಗರು ತಂದು ತೋರಿಸಿದ ಮಾದರಿ ಉತ್ತರಗಳನ್ನು ನಾನು ಕುತೂಹಲದಿಂದ ಓದಿದ್ದೇನೆ. ಮೂರು ಆಯ್ಕೆ, ಮೂರಕ್ಕೂ ಗುಣದೋಷ, ಕೊನೆಗೆ ಧೈರ್ಯ, ಸಹಾನುಭೂತಿ, ವಸ್ತುನಿಷ್ಠತೆ ಎಂಬ ಶಬ್ದಗಳು. ಎಲ್ಲವೂ ಸರಿಯೇ. ಆದರೆ ನೀರು ಕುಡಿದ ಮಣ್ಣಿನ ಗೋಡೆ ಯಾವಾಗ ಬೀಳುತ್ತದೆ ಎಂಬುದು ಒಂದು ಉತ್ತರದಲ್ಲೂ ಇರಲಿಲ್ಲ.

ನಾನು ತಲಾಟಿಯಾಗಿದ್ದವನು. ಸರಕಾರಿ ಕಾಗದದಲ್ಲಿ ಗ್ರಾಮ ಲೆಕ್ಕಿಗ, ಈಗ ಗ್ರಾಮ ಆಡಳಿತ ಅಧಿಕಾರಿ ಅನ್ನುತ್ತಾರೆ. ನಮ್ಮ ಭಾಗದಲ್ಲಿ ಹಳೆಯ ಮುಂಬೈ ಸರಕಾರದ ಹೆಸರುಗಳು ಹೋಗಿಲ್ಲ. ಪಹಣಿಗೆ ಉತಾರ ಅನ್ನುತ್ತೇವೆ, ತಹಶೀಲ್ದಾರರಿಗೆ ಮುದುಕರು ಇನ್ನೂ ಮಾಮಲೇದಾರ ಅನ್ನುತ್ತಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ತಾಲ್ಲೂಕುಗಳ ಹೊಳೆದಂಡೆ ನನ್ನ ಸರ್ವಿಸು ಮತ್ತು ಬೀಗರ ಮನೆಗಳ ದೆಸೆಯಿಂದ ನನಗೆ ಪರಿಚಿತ. ಮೇಲೆ ಮಹಾರಾಷ್ಟ್ರದಲ್ಲಿ ಕೊಯ್ನಾದಿಂದ ನೀರು ಬಿಟ್ಟರು ಅಂದರೆ ಇಲ್ಲಿ ಎಲ್ಲರ ಕಿವಿ ನೆಟ್ಟಗಾಗುತ್ತವೆ. ರಾಜಾಪುರ ಬ್ಯಾರೇಜಿನ ಲೆಕ್ಕ ಕೇಳಿಕೊಂಡು ರಾತ್ರಿ ಮಲಗುವವರು ನಾವು. ಕಲ್ಲೋಳ–ಯಡೂರ ಸೇತುವೆ ಮುಳುಗಿತು ಅಂದರೆ ಮಳೆಗಾಲ ಶುರುವಾಯಿತು ಅಂತ ಅರ್ಥವೇ ಹೊರತು ಪ್ರವಾಹ ಬಂತು ಅಂತಲ್ಲ. ವೇದಗಂಗೆ ಏರಿ ಯಮಗರ್ಣಿ ಹತ್ತಿರ ಹೆದ್ದಾರಿ ಬಂದಾದಾಗ ಅದು ಬೇರೆ ಮಾತು. 2019ರ ಆಗಸ್ಟ್‌ನಲ್ಲಿ ಹಾಗೆಯೇ ಆಯಿತು.

ಆ ವರ್ಷ ನಾನು ಕೃಷ್ಣಾ ದಂಡೆಯ ಒಂದು ಊರಿನಲ್ಲಿದ್ದೆ. ಊರಿನ ಹೆಸರು ಬೇಡ, ಜನ ಇನ್ನೂ ಅಲ್ಲೇ ಇದ್ದಾರೆ. ನೀರು ಊರ ಅಗಸಿಗೆ ಬಂದ ದಿನ ದೋಣಿ ಬಂತು, ಪೊಲೀಸರು ಬಂದರು, ಅರ್ಧ ಊರು ಕದಲಲಿಲ್ಲ. ಒಬ್ಬ ಮನುಷ್ಯ ಎರಡು ಎಮ್ಮೆ ಕಟ್ಟಿಕೊಂಡು ಮನೆಯ ಕಟ್ಟೆಯ ಮೇಲೆ ಕುಂತಿದ್ದ. “ನನ್ನ ಒಯ್ತೀರಿ, ಎಮ್ಮಿ ಯಾರು ಒಯ್ತಾರ?” ಅಂದ. ಎತ್ತಿ ದೋಣಿಯಲ್ಲಿ ಹಾಕಿರಿ ಅಂತ ಒಬ್ಬರು, ಅವನ ಹಣೆಬರಹ ಬಿಡ್ರಿ ಅಂತ ಇನ್ನೊಬ್ಬರು. ಪರೀಕ್ಷೆಯ ಪತ್ರಿಕೆಯಲ್ಲಾದರೆ ಇದು ಜೀವದ ಹಕ್ಕೋ ವ್ಯಕ್ತಿಯ ಸ್ವಾತಂತ್ರ್ಯವೋ ಎಂಬ ಪ್ರಶ್ನೆಯಾಗುತ್ತಿತ್ತು. ಅಲ್ಲಿ ಅದು ಟ್ರಾಲಿಯ ಪ್ರಶ್ನೆ. ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರು ಮನೆಮನೆಗೂ ಇವೆ, ಆಗಸ್ಟ್‌ನಲ್ಲಿ ಕಾರ್ಖಾನೆ ನುರಿಸುವುದಿಲ್ಲವಾದ್ದರಿಂದ ಎಲ್ಲ ಟ್ರಾಲಿಗಳೂ ಖಾಲಿ ನಿಂತಿರುತ್ತವೆ. ಊರ ಹಿಂದಿನ ಎತ್ತರದ ದಾರಿಯಲ್ಲಿ ಇನ್ನೂ ನೀರು ಬಂದಿರಲಿಲ್ಲ. ಮೊದಲು ದನ ಸಾಗಿಸಿದೆವು. ಸಂಜೆಯೊಳಗೆ ದನದ ಹಿಂದೆ ಜನ ತಾವೇ ನಡೆದರು, ಆ ಎಮ್ಮೆಯವನು ಎಲ್ಲರಿಗಿಂತ ಮುಂದೆ. ಡೀಸೆಲ್ ಖರ್ಚನ್ನು ಯಾವ ಬಾಬ್ತಿಗೆ ಹಾಕುವುದು ಅಂತ ಒಬ್ಬ ಗುಮಾಸ್ತರು ತಲೆ ಕೆರೆದುಕೊಂಡರು. ಜಾನುವಾರು ಶಿಬಿರ ಎಂಬ ಬಾಬ್ತು ವಿಪತ್ತು ಪರಿಹಾರದ ನಿಯಮಗಳಲ್ಲೇ ಇದೆ. ಯಾರೂ ಆ ಪುಟದವರೆಗೆ ಓದಿರುವುದಿಲ್ಲ, ಅಷ್ಟೇ.

ನೀರು ಇಳಿದ ಮೇಲೆ ನಿಜವಾದ ಸಂಕಟ ಶುರುವಾಯಿತು. ಬಿದ್ದ ಮನೆಗಳನ್ನು ಮೂರು ವರ್ಗ ಮಾಡಬೇಕಿತ್ತು. ಮುಕ್ಕಾಲು ಪಾಲಿಗಿಂತ ಹೆಚ್ಚು ಹಾನಿಯಾಗಿದ್ದರೆ ‘ಎ’. ಶೇಕಡಾ 25ರಿಂದ 75ರವರೆಗೆ ‘ಬಿ’. ಅದಕ್ಕೂ ಕಡಿಮೆಯಾದರೆ ‘ಸಿ’. ಪೂರ್ತಿ ಬಿದ್ದ ಮನೆಗೆ ಕೇಂದ್ರದ ಮಾನದಂಡದ ಪ್ರಕಾರ 95,100 ರೂಪಾಯಿ. ರಾಜ್ಯ ಸರಕಾರ ಆ ವರ್ಷ ಅದನ್ನು 5 ಲಕ್ಷ ಮಾಡಿತು. ‘ಬಿ’ಗೆ ಮೊದಲು 1 ಲಕ್ಷ ಅಂದಿದ್ದರು. ಅಂದರೆ ತಲಾಟಿ, ಪಿಡಿಒ ಮತ್ತು ಇಂಜಿನಿಯರ್ ಮೂವರು ಒಂದು ಗೋಡೆಯ ಮುಂದೆ ನಿಂತು ಶೇಕಡಾ 74 ಅಂದರೆ ಒಂದು ಲಕ್ಷ, 76 ಅಂದರೆ ಐದು. ಎರಡು ಶೇಕಡಾಕ್ಕೆ ನಾಲ್ಕು ಲಕ್ಷ ರೂಪಾಯಿ ತೂಗುವ ತಕ್ಕಡಿ ನಮ್ಮ ಕೈಯಲ್ಲಿತ್ತು. ಅಳೆಯಲು ನಮ್ಮ ಬಳಿ ಇದ್ದದ್ದು ಒಂದು ಟೇಪು ಮತ್ತು ಫೋಟೊ ತೆಗೆಯುವ ಮೊಬೈಲು.

ಹೊಳೆದಂಡೆಯ ಹಳೆಯ ಮನೆಗಳು ಹೇಗಿರುತ್ತವೆ ಅಂತ ಹೇಳಬೇಕು. ಹೊರಗಡೆ ಸುಟ್ಟ ಇಟ್ಟಿಗೆಯ ಒಂದು ಪದರು, ಸುಣ್ಣ, ನೋಡಿದರೆ ಪಕ್ಕಾ ಮನೆ. ಒಳಗಡೆ ಒಂದೂವರೆ ಎರಡು ಅಡಿ ದಪ್ಪದ ಹಸಿ ಇಟ್ಟಿಗೆಯ ಮಣ್ಣಿನ ಗೋಡೆ. ಬುಡದಲ್ಲಿ ಎರೆಮಣ್ಣು. ಐದಾರು ದಿನ ನೀರಲ್ಲಿ ನಿಂತ ಮೇಲೆ ಅಂಥ ಮನೆ ಕಣ್ಣಿಗೆ ಗಟ್ಟಿಯಾಗಿಯೇ ಕಾಣುತ್ತದೆ. ಒದ್ದೆ ಗೋಡೆ ನಿಂತಿರುತ್ತದೆ, ಒಣಗಲಾರಂಭಿಸಿದಾಗ ಕೆಡುತ್ತದೆ. ಬಿಸಿಲು ಬಿದ್ದ ಹೊರಮೈ ಮೊದಲು ಒಣಗಿ ಬಿಗಿಯುತ್ತದೆ, ಒಳಗಿನದು ಇನ್ನೂ ಮೆತ್ತಗೆ. ಕೆಳಗಿನ ಎರೆಮಣ್ಣು ನೀರು ಕುಡಿದು ಉಬ್ಬಿದ್ದು ಒಣಗುತ್ತ ಕುಗ್ಗುತ್ತದೆ, ಅದೂ ಒಂದೇ ಸಮ ಕುಗ್ಗುವುದಿಲ್ಲ. ಮೇಲೆ ತೊಲೆ, ಜಂತಿ, ಹೆಂಚಿನ ಭಾರ. ಹತ್ತು ಹದಿನೈದು ದಿನದ ಮೇಲೆ ಆ ಗೋಡೆ ಬೀಳುತ್ತದೆ. ಸಮೀಕ್ಷೆ ಮಾತ್ರ ನೀರು ಇಳಿದ ವಾರದಲ್ಲೇ ಮುಗಿಯಬೇಕು.

ನಿಂತ ಮನೆಗೆ ‘ಎ’ ಅಂತ ಬರೆದರೆ ಸುಳ್ಳು ದಾಖಲೆ. ಫೋಟೊದಲ್ಲಿ ಮನೆ ನಿಂತಿದೆ. ಕಂಡದ್ದನ್ನು ಕಂಡಂತೆ ‘ಸಿ’ ಅಂತ ಬರೆದರೆ ದಾಖಲೆ ನಿಜ, ಆದರೆ ಆ ನಿಜವನ್ನು ನಂಬಿ ಒಂದು ಸಂಸಾರ ಆ ಗೋಡೆಯ ಕೆಳಗೆ ಮಕ್ಕಳನ್ನು ಮಲಗಿಸುತ್ತದೆ. ನಮ್ಮ ಜೊತೆಗಿದ್ದ ಇಂಜಿನಿಯರು ಬೇರೆ ಜಿಲ್ಲೆಯ ಎಳೆಯ ಹುಡುಗ, ಪ್ರಾಮಾಣಿಕ. ಸಿಮೆಂಟು, ಕಬ್ಬಿಣ ಓದಿ ಬಂದವನಿಗೆ ಮಣ್ಣಿನ ಗೋಡೆ ಗೊತ್ತಿರಲಿಲ್ಲ. “ಸರ್, ಕ್ರ್ಯಾಕ್ ಏನೂ ಇಲ್ವಲ್ಲ” ಅಂದ. ಪಕ್ಕದಲ್ಲೇ ನಿಂತು ಎಲೆಯಡಿಕೆ ಮೆಲ್ಲುತ್ತಿದ್ದ ಊರ ಗೌಂಡಿ, ಎಪ್ಪತ್ತು ದಾಟಿದ ಮುದುಕ, ನಕ್ಕ. “ಇವತ್ತ ಇಲ್ರೀ ಸಾಹೇಬ್ರ. ಅಮಾಸಿ ಕಳೀಲಿ, ಬರ್ರಿ ನೋಡಾಕ” ಅಂದ. ಊರಲ್ಲಿ ಎಲ್ಲರೂ ಅವನನ್ನು ಗೌಂಡಿ ಕಾಕಾ ಅಂತಲೇ ಕರೆಯುವುದು. ಆ ಓಣಿಯ ಅರ್ಧ ಮನೆಗಳನ್ನು ಅವನೋ ಅವನ ಅಪ್ಪನೋ ಕಟ್ಟಿದವರು. 2005ರ ನೀರಿನಲ್ಲಿ ಯಾವ ಮನೆ ಎಷ್ಟು ದಿನಕ್ಕೆ ಬಿತ್ತು ಅಂತ ಅವನಿಗೆ ಬಾಯಿಪಾಠ.

ಕಾಕಾನ ಮಾತನ್ನು ನಂಬುವುದು ಸುಲಭ. ಅದನ್ನು ಫೈಲು ನಂಬುವಂತೆ ಮಾಡುವುದು ಹೇಗೆ? ಅವನ ಚೀಲದಲ್ಲಿ ಕರಣಿಯ ಜೊತೆ ದಾರಕ್ಕೆ ಕಟ್ಟಿದ ಗುಂಡು ಇತ್ತು, ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡುವುದು. ಗೋಡೆಯ ತಲೆಯಿಂದ ಇಳಿಬಿಟ್ಟ. ಬುಡದಲ್ಲಿ ದಾರಕ್ಕೂ ಗೋಡೆಗೂ ನಡುವೆ ಎರಡು ಬೆರಳು ಸಂದು. “ಎಲ್ಡ ಬಟ್ಟ ಅಂತ ಬರ್ಕೋರಿ” ಅಂದ. ಇಂಜಿನಿಯರ ಹುಡುಗನಿಗೆ ಅಲ್ಲಿ ಜೀವ ಬಂತು. ಬೆರಳು ಬೇಡ, ಸೆಂಟಿಮೀಟರಿನಲ್ಲಿ ಬರೆಯೋಣ, ಗೋಡೆಯ ಯಾವ ಎತ್ತರದಿಂದ ಬಿಟ್ಟದ್ದು ಅಂತಲೂ ಬರೆಯೋಣ, ಗೋಡೆಯ ಮೇಲೆ ಪೆನ್ಸಿಲಿನ ಗುರುತು ಹಾಕಿ ಅದರದೇ ಫೋಟೊ ತೆಗೆಯೋಣ ಅಂದ. ನನಗೆ ಗೊತ್ತಿದ್ದದ್ದು ಪಂಚನಾಮೆ. ಗೌಂಡಿ ಕಾಕಾನನ್ನೇ ಒಬ್ಬ ಪಂಚನನ್ನಾಗಿ ಮಾಡಿ, ಅವನ ಕಸುಬು, ಎಷ್ಟು ವರ್ಷದ ಅನುಭವ ಎಲ್ಲ ಬರೆಸಿ, ‘ಈ ದಿನ ಗೋಡೆ ನಿಂತಿದೆ, ಇಷ್ಟು ವಾಲಿದೆ, ಒಣಗಿದ ಮೇಲೆ ಮರು ಅಳತೆ ಅವಶ್ಯ, ಅಲ್ಲಿಯವರೆಗೆ ವಾಸಕ್ಕೆ ಯೋಗ್ಯವಲ್ಲ’ ಅಂತ ಬರೆದೆ. ನಮೂನೆಯಲ್ಲಿ ಎರಡನೆಯ ಭೇಟಿಗೆ ಅಂಕಣವೇ ಇರಲಿಲ್ಲ. ಪುರವಣಿ ಪಂಚನಾಮೆ ಲಗತ್ತಿಸಬಾರದು ಅಂತಲೂ ಎಲ್ಲೂ ಇರಲಿಲ್ಲ. ವರ್ಗ ಬರೆಯುವ ಜಾಗದಲ್ಲಿ ಸದ್ಯಕ್ಕೆ ಕಂಡದ್ದನ್ನು ಬರೆದು, ‘ಲಗತ್ತು ನೋಡಿರಿ’ ಅಂತ ಸೇರಿಸಿದೆ.

ನನ್ನ ಮೇಲಿನವರೊಬ್ಬರು ಬೈದರು. “ಒಂದೇ ಸಲ ಮುಗಸ್ರಿ, ನೀವೇನು ಗೋಡಿಗೆ ಆರೈಕಿ ಮಾಡಾಕತ್ತೀರೇನು” ಅಂದರು. ಬೈದದ್ದನ್ನು ಬರೆದು ಕೊಡಿರಿ ಅಂತ ಕೇಳಿದೆ, ಕೊಡಲಿಲ್ಲ. ಲಗತ್ತುಗಳು ಉಳಿದವು.

ಹದಿನೈದು ದಿನದ ಮೇಲೆ ಅದೇ ದಾರ, ಅದೇ ಗುರುತು. ಕೆಲವು ಗೋಡೆಗಳು ಅಷ್ಟರಲ್ಲಿ ಬಿದ್ದೇ ಹೋಗಿದ್ದವು. ಮನೆಯವರು ಆ ಮೊದಲೇ ಹೊರಗೆ ಮಲಗುತ್ತಿದ್ದರು, ಯಾರಿಗೂ ಏನೂ ಆಗಲಿಲ್ಲ. ಕೆಲವು ಎರಡು ಬೆರಳಿನಿಂದ ನಾಲ್ಕಕ್ಕೆ ಬಂದಿದ್ದವು. ಇಂಜಿನಿಯರು ಅವಕ್ಕೆ ತಾಂತ್ರಿಕ ಟಿಪ್ಪಣಿ ಬರೆದ, ವರ್ಗ ಬದಲಾಯಿತು. ಇನ್ನು ಕೆಲವು ಒಂದು ನೂಲೂ ಕದಲಿರಲಿಲ್ಲ. ಅವುಗಳಲ್ಲಿ ಒಂದು ಗೌಂಡಿ ಕಾಕಾನ ತಂಗಿಯ ಮನೆ. ಅಂಗಳದಲ್ಲಿ ತಂಗಿ, ಭಾವ, ಸೊಸೆಯಂದಿರು ಎಲ್ಲ ನಿಂತು ನೋಡುತ್ತಿದ್ದರು. ಕಾಕಾ ದಾರ ಬಿಟ್ಟ, ಗುಂಡು ನಿಲ್ಲುವವರೆಗೆ ಕಾದ, ಗುರುತು ನೋಡಿದ. “ಹಂಗ ಐತ್ರಿ, ಸಿ ಬರೀರಿ” ಅಂದ. ಅವನ ತಂಗಿ ಮುಂದೆ ಒಂದು ವರ್ಷ ಅವನ ಜೊತೆ ಮಾತಾಡಲಿಲ್ಲ, ಪಂಚಮಿಗೆ ತವರಿಗೂ ಬರಲಿಲ್ಲ. ಸರಕಾರ ಅವನಿಗೆ ಕೊಟ್ಟದ್ದೇನು? ಒಂದು ಚಹಾ, ಅದೂ ನನ್ನ ಜೇಬಿನಿಂದ.

ಆಮೇಲೆ ಸರಕಾರ ‘ಬಿ’ ಮನೆಗೂ ಪರಿಹಾರ ಹೆಚ್ಚಿಸಿತು. ದುರಸ್ತಿ ಮಾಡಿಕೊಂಡರೆ 3 ಲಕ್ಷ, ಕೆಡವಿ ಕಟ್ಟುವುದಾದರೆ 5. ಮೇಲೆ ಕುಳಿತವರಿಗೂ ಮಣ್ಣಿನ ಗೋಡೆಯ ಸುದ್ದಿ ಎಲ್ಲೋ ಮುಟ್ಟಿರಬೇಕು ಅಂತ ನಾವು ಚಾವಡಿಯಲ್ಲಿ ಕುಂತು ಮಾತಾಡಿಕೊಂಡೆವು.

ಇದೇ ಕಣ್ಣು ಬೇರೆ ಕೆಲಸಕ್ಕೂ ಬಂತು. ಒಬ್ಬ ದೊಡ್ಡ ಮನುಷ್ಯರು ತಮ್ಮ ಕಡೆಯವರ ಒಂದು ಹಾಳು ಮನೆಯನ್ನು ಪ್ರವಾಹದಲ್ಲಿ ಬಿದ್ದದ್ದು ಅಂತ ಬರೆಯಬೇಕು ಅಂದರು. ಒತ್ತಡ ಬಂದಾಗ ಧೈರ್ಯ ಬೇಕು ಅನ್ನುತ್ತಾರೆ. ನನಗೆ ಅಷ್ಟೇನೂ ಧೈರ್ಯವಿಲ್ಲ, ಆಗ ಮಗಳ ಮದುವೆ ಬೇರೆ ನಿಂತಿತ್ತು. ಸ್ಥಳಕ್ಕೆ ಹೋದೆ, ಅವರನ್ನೂ ಕರೆದೆ. ಹೊಸದಾಗಿ ಬಿದ್ದ ಗೋಡೆಯ ಮಣ್ಣು ಗುಡ್ಡೆಯಾಗಿ, ಮುರಿದ ಅಂಚು ಹಸಿಯಾಗಿರುತ್ತದೆ. ಇಲ್ಲಿ ಗುಡ್ಡೆಯೆಲ್ಲ ಕರಗಿ ನೆಲವಾಗಿ, ನಡುವೆ ಒಂದು ಜಾಲಿ ಗಿಡ ತೋಳಿನಷ್ಟು ದಪ್ಪ ಬೆಳೆದಿತ್ತು. “ಸಾಹೇಬ್ರ, ಫೋಟೊದಾಗ ಈ ಜಾಲಿ ಬರತೈತಿ. ಬೆಂಗಳೂರಾಗ ಕುಂತ ನೋಡಾವ್ರು ಇದು ಹದಿನೈದ ದಿನದಾಗ ಹೆಂಗ ಬೆಳೀತು ಅಂತ ಕೇಳಿದ್ರ ನಾನು ಏನು ಹೇಳ್ಲಿ?” ಅಂತ ಕೇಳಿದೆ. ಅವರೂ ಒಕ್ಕಲುತನದವರೇ, ಜಾಲಿ ಗೊತ್ತು. ಸುಮ್ಮನೆ ನಕ್ಕು ಗಾಡಿ ಹತ್ತಿದರು. ಮುಖ ಉಳಿಸಿಕೊಂಡು ಹಿಂದೆ ಸರಿಯಲು ಅವರಿಗೂ ಒಂದು ದಾರಿ ಸಿಕ್ಕಿತ್ತು. ಎಲ್ಲ ಊರುಗಳಲ್ಲೂ ಇದು ಹೀಗೆಯೇ ಮುಗಿಯಲಿಲ್ಲ ಅಂತ ಎಲ್ಲರಿಗೂ ಗೊತ್ತಿದೆ.

ಮೈಕೆಲ್ ಲಿಪ್‌ಸ್ಕಿ ಎಂಬ ಅಮೆರಿಕದ ವಿದ್ವಾಂಸರು 1980ರಲ್ಲೇ ನಮ್ಮಂಥ ಕೆಳಗಿನ ನೌಕರರ ಬಗ್ಗೆ ಒಂದು ಪುಸ್ತಕ ಬರೆದಿದ್ದಾರೆಂದು ಒಬ್ಬ ಹುಡುಗ ಹೇಳಿದ. ಪೊಲೀಸ, ಮಾಸ್ತರ, ಕಚೇರಿಯ ಕಿಟಕಿಯಲ್ಲಿ ಕುಂತವನು, ಇವರು ದಿನವೂ ಮಾಡುವ ಸಣ್ಣ ತೀರ್ಮಾನಗಳೇ ಜನರ ಪಾಲಿಗೆ ಸರಕಾರದ ನೀತಿಯಾಗುತ್ತವೆ ಅಂತ ಅದರ ಸಾರ. ನಮಗೆ ಇದು ಹೊಸದಲ್ಲ. ಊರಲ್ಲಿ ಸರಕಾರ ಅಂದರೆ ತಲಾಟಿಯ ಪೆನ್ನು. ಆದರೆ ಆ ಪೆನ್ನಿಗೆ ಇರುವ ಸಡಿಲನ್ನು ಎರಡು ರೀತಿ ಬಳಸಬಹುದು. ಕಾಗದದ ಮೇಲೆ ಬರೆದು ಸಹಿ ಮಾಡಲು ಧೈರ್ಯ ಬರುವಂಥದ್ದು ಒಂದು. ಬಾಯಲ್ಲಿ ಹೇಳಿ ಮುಗಿಸಬೇಕಾದದ್ದು ಇನ್ನೊಂದು. ಈ ಎರಡನೆಯದಕ್ಕೆ ಸಹಾನುಭೂತಿ ಅಂತ ಹೆಸರಿಡುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ.

ಪೂರ್ತಿ ಓದುವುದೂ ಒಂದು ಕಸುಬೇ. ನನ್ನ ಗೆಳೆಯರೊಬ್ಬರು ಶಾಲೆಯ ಮಾಸ್ತರು. ಕೊರೊನಾ ಕಾಲದಲ್ಲಿ ಅವರನ್ನು ಗಡಿಯ ಚೆಕ್‌ಪೋಸ್ಟಿಗೆ ಹಾಕಿದ್ದರು. ನಿಪ್ಪಾಣಿಯ ಕಡೆ ಕೊಗನೊಳ್ಳಿ, ಈ ಕಡೆ ಕಾಗವಾಡ, ಎಲ್ಲ ಕಡೆ ಗೇಟು. 2021ರ ಜುಲೈ ಕೊನೆಗೆ ಬಂದ ಆದೇಶದ ಪ್ರಕಾರ ಮಹಾರಾಷ್ಟ್ರದಿಂದ ಬರುವವರ ಬಳಿ 72 ಗಂಟೆಯೊಳಗಿನ ಆರ್‌ಟಿ–ಪಿಸಿಆರ್ ವರದಿ ಇರಲೇಬೇಕು, ಲಸಿಕೆ ಹಾಕಿಸಿಕೊಂಡಿದ್ದರೂ. ನಮ್ಮಲ್ಲಿ ಆ ಗಡಿ ಮನೆಯೊಳಗೇ ಹಾಯುತ್ತದೆ. ಮಗಳನ್ನು ಕೊಟ್ಟದ್ದು ಆ ಕಡೆ, ದವಾಖಾನೆ ಮಿರಜ, ಹೊಲ ಎರಡೂ ಕಡೆ. ಒಂದು ರಾತ್ರಿ ಆ ಕಡೆಯಿಂದ ಒಬ್ಬ ಹೆಣ್ಣುಮಗಳು ಬಂದಳು. ಈ ಕಡೆ ಅವಳ ತಂದೆ ತೀರಿಕೊಂಡಿದ್ದ. ವರದಿ ಇಲ್ಲ. ಗೇಟಿನಲ್ಲಿದ್ದವರಿಗೆ ಗೊತ್ತಿದ್ದದ್ದು ಎರಡೇ ಮಾತು: ವರದಿ ಇದ್ದರೆ ಬಿಡು, ಇಲ್ಲದಿದ್ದರೆ ತಿರುಗಿಸು. ಕರುಣೆಯುಳ್ಳ ಪೊಲೀಸನೊಬ್ಬ “ನಾ ಆ ಕಡಿ ಮುಖ ಮಾಡ್ತೀನಿ, ಹೋಗಿಬಿಡವ್ವಾ” ಅಂದನಂತೆ. ಮಾಸ್ತರು ತಡೆದರು. ಅವರಿಗೆ ಪಾಠದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವ ಚಟ, ಆದೇಶವನ್ನೂ ಹಾಗೆಯೇ ಓದಿದ್ದರು. ಮನೆಯಲ್ಲಿ ಸಾವು, ಚಿಕಿತ್ಸೆಯಂಥ ತುರ್ತಿನಲ್ಲಿ ಬಂದವರ ಗಂಟಲು ದ್ರವವನ್ನು ಬಂದಮೇಲೆ ತೆಗೆದುಕೊಂಡು, ಹೆಸರು ಫೋನು ಬರೆದುಕೊಂಡು ಬಿಡಬಹುದು ಅಂತ ಅದರಲ್ಲೇ ಇತ್ತು. ಹಾಗೆಯೇ ಮಾಡಿಸಿದರು. ಪೊಲೀಸನೂ ಬಿಡುತ್ತಿದ್ದ, ಮಾಸ್ತರೂ ಬಿಟ್ಟರು. ಅವಳು ಕಳ್ಳಿಯಂತೆ ದಾಟಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಮರುದಿನ ಬಂದ ಇನ್ನೊಬ್ಬರಿಗೂ ಅದೇ ದಾರಿ ತೆರೆದಿತ್ತು.

ಆದರೂ ಎಲ್ಲವೂ ದಾರ, ಗುಂಡು, ಆದೇಶಗಳಿಂದ ತೀರುವುದಿಲ್ಲ. 2019ರಲ್ಲಿ ಮನೆಗೆ ನೀರು ಹೊಕ್ಕ ಪ್ರತಿ ಕುಟುಂಬಕ್ಕೆ ತಕ್ಷಣಕ್ಕೆ 10,000 ರೂಪಾಯಿ ಕೊಡಬೇಕಿತ್ತು. ಕುಟುಂಬ ಅಂದರೇನು? ರೇಷನ್ ಕಾರ್ಡು ಅನ್ನುವುದು ಸುಲಭದ ಉತ್ತರ. ಒಂದೇ ಕಾರ್ಡು, ನಾಲ್ಕು ಅಣ್ಣತಮ್ಮಂದಿರು, ನಾಲ್ಕು ಒಲೆ, ನಾಲ್ಕೂ ಒಲೆ ತೇಲಿಹೋಗಿವೆ. ಪಕ್ಕದ ಮನೆಯಲ್ಲಿ ಒಂದೇ ಒಲೆ, ಜಾಣತನದಿಂದ ಮಾಡಿಸಿದ ಎರಡು ಕಾರ್ಡು. ನಮ್ಮಲ್ಲಿ ಪಾಲಾಗುವುದು ಮೊದಲು ಒಲೆಯಲ್ಲಿ, ಉತಾರದಲ್ಲಿ ಹೆಸರು ಬೇರೆಯಾಗುವುದು ಹತ್ತಿಪ್ಪತ್ತು ವರ್ಷದ ಮೇಲೆ. ಹಾಗಾಗಿ ಒಲೆಯನ್ನೇ ಎಣಿಸಿದೆ. ಯಾರು ಯಾರ ಜೊತೆ ಉಣ್ಣುತ್ತಾರೆ ಅಂತ ನನಗಿಂತ ಊರಿಗೆ ಚೆನ್ನಾಗಿ ಗೊತ್ತು. ಅದಕ್ಕೆ ಪಟ್ಟಿಯನ್ನು ಗುಡಿಯ ಮುಂದೆ ಎಲ್ಲರಿಗೂ ಕೇಳುವಂತೆ ಓದಿಸಿದೆ. ಯಾರಾದರೂ ಆಕ್ಷೇಪ ಎತ್ತಿದರೆ ಅಲ್ಲೇ ಬರೆದುಕೊಂಡು, ಅಲ್ಲೇ ಸಹಿ. ಮರಾಠಿ ಮಾತಾಡುವ ಮನೆಗಳಿದ್ದವು, ಅವರಿಗೆ ಮರಾಠಿಯಲ್ಲಿ ಓದಿ ಹೇಳಿದೆ. ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ನನಗೆ ಯಾವತ್ತೂ ಸೇರದು. ಎರಡು ಕಾರ್ಡಿನವರು ತಾವೇ ಒಂದನ್ನು ಬಿಟ್ಟರು. ಊರ ಮುಂದೆ ಸುಳ್ಳು ಹೇಳುವುದು ಕಚೇರಿಯಲ್ಲಿ ಹೇಳಿದಷ್ಟು ಸಲೀಸಲ್ಲ.

ಒಂದು ಮನೆ ಬಂತು. ಗಂಡ, ಹೆಂಡತಿ, ಮಕ್ಕಳು, ತಾಯಿ, ಒಂದು ಕುಟುಂಬ ಅಂತ ಓದಿದೆ. ಹಿಂದಿನಿಂದ ಯಾರೋ ಹೆಣ್ಣುಮಗಳು “ಆಯೀದು ಒಲಿ ಬ್ಯಾರೆ ಐತ್ರಿ, ಹಿತ್ತಲದಾಗ” ಅಂದಳು. ಗದ್ದಲ ನಿಂತುಹೋಯಿತು. ಮಗ ನೆಲ ನೋಡಿದ. ಸೊಸೆ ಸೆರಗು ಎಳೆದುಕೊಂಡು, “ಹೌದ್ರಿ, ಬ್ಯಾರೆ ಐತಿ” ಅಂದಳು. ಆ ಮುದುಕಿಯ ಹೆಸರಿಗೆ ಬೇರೆ ಹತ್ತು ಸಾವಿರ ಬರೆಯಲಾಯಿತು. ಪಟ್ಟಿ ಓದದಿದ್ದರೆ ಅವಳಿಗೆ ಒಂದು ಪೈಸೆ ಬರುತ್ತಿರಲಿಲ್ಲ.

ದುಡ್ಡು ಖಾತೆಗೆ ಬಿದ್ದ ಮೇಲೆ ಆಯಿ ಚಾವಡಿಗೆ ಬಂದಳು. ಸಂತೋಷ ಹೇಳಲು ಬಂದಿರಬೇಕು ಅಂದುಕೊಂಡು ಕುರ್ಚಿ ಹಾಕಿಸಿದೆ. ಕೂರಲಿಲ್ಲ. “ಹನ್ನೊಂದ ವರ್ಷ ಆತು ತಮ್ಮಾ, ಒಲಿ ಬ್ಯಾರೆ ಆಗಿ. ಮಂದಿಗೆ ಗೊತ್ತಿತ್ತು, ಆದ್ರ ಯಾರೂ ಬಾಯಿ ಬಿಟ್ಟ ಆಡಿದ್ದಿಲ್ಲ. ನೀ ಗುಡಿ ಮುಂದ ಓದಿಸಿದಿ” ಅಂದಳು. ಜಗಳವಾಡಲಿಲ್ಲ, ಕಣ್ಣೀರೂ ಹಾಕಲಿಲ್ಲ. ಪಾಸ್‌ಬುಕ್ಕು ತೋರಿಸಿ ದುಡ್ಡು ಬಂದದ್ದು ಖರೆ ಹೌದಲ್ಲ ಅಂತ ಒಮ್ಮೆ ಕೇಳಿ ಖಾತ್ರಿ ಮಾಡಿಕೊಂಡು ಹೋದಳು.

ನಾನು ಮರುವರ್ಷ ನಿವೃತ್ತನಾದೆ. 2021ರ ಜುಲೈನಲ್ಲಿ ಮತ್ತೆ ನೀರು ಬಂತು, ಯಮಗರ್ಣಿಯಲ್ಲಿ ಮತ್ತೆ ಹೆದ್ದಾರಿ ನಿಂತಿತು. ನನ್ನ ಜಾಗಕ್ಕೆ ಬಂದಿದ್ದ ಹುಡುಗ ಫೋನು ಮಾಡಿದ. ಹಳೆಯ ಫೈಲಿನಲ್ಲಿ ಲಗತ್ತುಗಳನ್ನು ನೋಡಿದ್ದನಂತೆ. “ಸರ್, ಆ ಗೌಂಡಿ ಕಾಕಾನ ನಂಬರ್ ಐತೇನ್ರಿ? ದಾರ ಬೇಕಾಗೇತಿ” ಅಂದ. ಕಾಕಾನ ಕಣ್ಣು ಮಂಜಾಗಿದೆ, ಆದರೆ ಕೈ ಗಟ್ಟಿ ಇದೆ, ಮೊಮ್ಮಗನನ್ನು ಜೊತೆಗೆ ಕರೆಸು ಅಂತ ನಂಬರು ಕೊಟ್ಟೆ. ಫೋನು ಇಡುವ ಮೊದಲು ಇನ್ನೊಂದು ಕೇಳಿದ: “ಮತ್ತ ಪಟ್ಟಿ? ಗುಡಿ ಮುಂದ ಓದಸ್ಲ್ಯಾ, ಬ್ಯಾಡ್ರ್ಯಾ?”

ನಾನು ತಡೆದೆ. ನಿನ್ನ ಪಟ್ಟಿಯಲ್ಲಿ ಹಿತ್ತಲಲ್ಲಿ ಬೇರೆ ಒಲೆ ಹೂಡಿದ ಮುದುಕಿಯರು ಎಷ್ಟು ಜನ ಇದ್ದಾರೆ ಅಂತ ಕೇಳಿದೆ. ತಡೀರಿ ಸರ್ ಅಂದು ಅವನು ಎಣಿಸತೊಡಗಿದ. ಆ ಕಡೆಯಿಂದ ಮಳೆಯ ಸಪ್ಪಳ, ನಡುನಡುವೆ ಕಾಗದ ತಿರುವುವ ಸಪ್ಪಳ ಕೇಳುತ್ತಿತ್ತು.